ವಿಲ್ಲಾ ಮೊರೆಲ್ಲಾದ ಅರ್ಧ ಲೇಸ್

ಕಡಲ ದಂಡೆಯ ನಮ್ಮೂರು ಕಾಸಲ್ಮಾರೆಯಲ್ಲಿ ಟೆಕ್ಲಾ ಕನೆಸ್ಸಾಳ ಬಾಯಿಗೆ ಬೀಳದವರು ಎರಡೇ ಬಗೆ: ಇನ್ನೂ ಹುಟ್ಟದವರು, ಆಗಲೇ ಸತ್ತವರು. ಸತ್ತವರಲ್ಲೂ ಅವಳ ತಾಯಿಗೆ ಮಾತ್ರ ವಿನಾಯಿತಿ ಇರಲಿಲ್ಲ.

ಎಪ್ಪತ್ತೆಂಟು ವರ್ಷದ ಹೆಂಗಸು. ಬೆಳಗ್ಗೆ ಹಾಲು ಹಾಕಿದ ಕಾಫಿಗೆ ಫೊಕಾಚ್ಚಾ ರೊಟ್ಟಿ ಅದ್ದಿ ತಿಂದು, ಕುರ್ಚಿಯನ್ನು ಬಾಗಿಲ ಹೊರಗೆ ಓಣಿಗೆ ಎಳೆದು, ಹುಲ್ಲು ತುಂಬಿದ ಉರುಳುದಿಂಬನ್ನು ಮುಂದಿಟ್ಟುಕೊಂಡು ಕೂತಳೆಂದರೆ ಮಧ್ಯಾಹ್ನದವರೆಗೆ ಕಡ್ಡಿಗಳ ಟಕಟಕ, ಅದಕ್ಕೆ ಸರಿಯಾಗಿ ನಾಲಿಗೆಯ ಟಕಟಕ. ನಮ್ಮೂರ ಲೇಸ್ ಹುಟ್ಟುವುದು ಹಾಗೆ. ದಿಂಬಿನ ಮೇಲೆ ತೂತು ಹೊಡೆದ ರಟ್ಟು, ತೂತಿಗೊಂದು ಪಿನ್ನು, ಪಿನ್ನಿನ ಸುತ್ತ ನೂಲು, ನೂಲಿನ ತುದಿಗೆ ಬೆರಳುದ್ದದ ಮರದ ಕಡ್ಡಿ. ಎರಡು ಜೋಡಿ ಕಡ್ಡಿ ಹಿಡಿ, ದಾಟಿಸು, ತಿರುಚು, ಪಿನ್ನು ಚುಚ್ಚು. ಅಷ್ಟೇ. ಅಷ್ಟೇ ತಾನೇ ಅಂದವರು ಒಂದು ದಿನ ಕೂತು ನೋಡಲಿ. ಮಧ್ಯಾಹ್ನದೊಳಗೆ ಹುಟ್ಟಿದ ಗಳಿಗೆಯನ್ನೇ ಶಪಿಸುತ್ತಾ ಏಳುತ್ತಾರೆ.

ಟೆಕ್ಲಾ ಮಾತ್ರ ಅರವತ್ತು ವರ್ಷದಿಂದ ಎದ್ದಿಲ್ಲ. ಗಂಡ ಅತ್ತೀಲಿಯೊ ಹಡಗಿನಲ್ಲಿ ಅಡುಗೆಯವನಾಗಿದ್ದ. ವರ್ಷಕ್ಕೆ ಎರಡು ಸಲ ಊರಿಗೆ ಬಂದು, ಎರಡೇ ದಿನಕ್ಕೆ ಹೆಂಡತಿಗಿಂತ ಸಮುದ್ರವೇ ಶಾಂತ ಎಂದು ನಗುತ್ತಾ ಹೊರಟುಬಿಡುತ್ತಿದ್ದ. ಪುಣ್ಯಾತ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತು. ಒಮ್ಮೆ ಬಿಷಪ್ಪರ ಕಡೆಯ ಪಾದ್ರಿಯೊಬ್ಬರು ಪೂಜಾಪೀಠದ ಹಾಸುಬಟ್ಟೆಗೆ ಲೇಸ್ ಹೆಣೆಯಲು ಹೇಳಿಹೋಗಿದ್ದರು. ಹಬ್ಬ ಹತ್ತಿರ ಬಂದಾಗ ಓಡೋಡಿ ಬಂದು, "ಕೊನೇ ಎರಡು ಹೂವು ಬಿಟ್ಟರೂ ನಡೆಯುತ್ತಮ್ಮ, ಯಾರು ನೋಡ್ತಾರೆ?" ಅಂದರು.

"ಫಾದರ್, ನೀವು ಪೂಜೇಲಿ ಕೊನೇ ಎರಡು ಪ್ರಾರ್ಥನೆ ಬಿಟ್ಟುಬಿಡ್ತೀರಾ? ಯಾರು ಕೇಳ್ತಾರೆ?" ಅಂದಳು ಟೆಕ್ಲಾ.

ಪಾದ್ರಿ ತೆಪ್ಪಗೆ ಹೋದರು. ಹಾಸು ಹಬ್ಬದ ಹಿಂದಿನ ದಿನ ಪೂರ್ತಿ ಹೂವಿನೊಂದಿಗೆ ಇಗರ್ಜಿಗೆ ಮುಟ್ಟಿತು. "ಟೆಕ್ಲಾಳ ಕೈಯಿಂದ ಅರ್ಧ ಕೆಲಸ ಹೊರಗೆ ಬಂದಿಲ್ಲ, ತಪ್ಪು ಹೆಣಿಗೆ ಅಂತೂ ಬಂದೇ ಇಲ್ಲ" ಎಂದು ಅವಳೇ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದಳು. ಊರೂ ಒಪ್ಪಿತ್ತು, ಒಪ್ಪದೆ ಬದುಕುವುದು ಆ ಓಣಿಯಲ್ಲಿ ಸುಲಭವಿರಲಿಲ್ಲ.

ಈ ಹೆಮ್ಮೆಗೆ ಒಂದು ಬೇರಿತ್ತು. ಅದು ಅವಳ ತಾಯಿ ಮದ್ದಲೇನಾ.

ಮದ್ದಲೇನಾ ಒಂದು ಕಾಲಕ್ಕೆ ಊರಿನ ಮೊದಲ ಕೈ. ಯುದ್ಧ ಮುಗಿದು ಮೂರನೇ ವರ್ಷ, ಸಮುದ್ರದ ಬಂಡೆಯ ಮೇಲಿರುವ ವಿಲ್ಲಾ ಮೊರೆಲ್ಲಾದಲ್ಲಿ ಹಡಗಿನ ಸಾಹುಕಾರರ ಮಗಳಿಗೆ ಮದುವೆ ನಿಕ್ಕಿಯಾಯಿತು. ಮದುಮಗಳ ಮುಸುಕಿನ ಅಂಚಿಗೆ ಲೇಸ್ ಹೆಣೆಯುವ ಕೆಲಸ ಮದ್ದಲೇನಾಳ ಪಾಲಿಗೆ ಬಂತು. ನೂಲು ವಿಲ್ಲಾದ್ದು, ದಿಂಬು ವಿಲ್ಲಾದ್ದು, ಕೈ ಮಾತ್ರ ಇವಳದು. ಹತ್ತು ತಿಂಗಳು ಹೆಣೆದಳು. ಮದುವೆಗೆ ಮೂರು ವಾರ ಇರುವಾಗ ವಿಲ್ಲಾದ ಮೇನೇಜರು ನೋಡಲು ಬಂದ. ಲೇಸ್ ಮುಗಿದಿರಲಿಲ್ಲ, ಮುಗಿಯುವ ಲಕ್ಷಣವೂ ಇರಲಿಲ್ಲ. ಇದೇನು ಎಂದು ಗದರಿಸಿ ಕೇಳಿದರೆ ಮದ್ದಲೇನಾ ಹೇಳಿದ್ದು ಒಂದೇ ಮಾತು: "ನನ್ನ ಕೈ ತಪ್ಪಿತು." ಇನ್ನೆರಡು ವಾರ ಕೊಡಿ ಎಂದಳು. ಅವನು ಕೊಡಲಿಲ್ಲ. ದಿಂಬನ್ನು ಕಡ್ಡಿಗಳ ಸಮೇತ ಹೊತ್ತುಕೊಂಡು ಹೋಗಿಬಿಟ್ಟ. ಏಳು ವರ್ಷದ ಟೆಕ್ಲಾ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡಳು.

ಅಂದಿನಿಂದ ಊರು ಆಕೆಯನ್ನು ಅರ್ಧದ ಮದ್ದಲೇನಾ ಎಂದೇ ಕರೆಯಿತು. ನಮ್ಮೂರಿನವರು ಹೆಸರಿಡುವುದರಲ್ಲಿ ಜಾಣರು, ಮರೆಯುವುದರಲ್ಲಿ ದಡ್ಡರು. ಮದ್ದಲೇನಾ ಮತ್ತೆ ಕಡ್ಡಿ ಮುಟ್ಟಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕೂತು ಮೀನಿನ ಬಲೆಗಳ ತೂತು ಮುಚ್ಚುತ್ತಾ ಇಪ್ಪತ್ತಮೂರು ವರ್ಷ ಕಳೆದು, ಸತ್ತಳು. ಟೆಕ್ಲಾ ಲೇಸ್ ಕಲಿತದ್ದು ಸನ್ಯಾಸಿನಿಯರ ಶಾಲೆಯಲ್ಲಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಯಾರಾದರೂ ಆಡಿಕೊಂಡಾರು ಎಂಬ ಹೆದರಿಕೆಗೇ ಹಲ್ಲು ಕಚ್ಚಿ ಕಲಿತಳು. ಹದಿನೆಂಟನೇ ವಯಸ್ಸಿನಲ್ಲಿ ಮೊದಲ ದೊಡ್ಡ ಕೆಲಸ ಮುಗಿಸಿದ ದಿನ ತಾಯಿಯ ಮುಂದೆ ಹಾಸಿ, "ನೋಡು, ನಾನು ನಿನ್ನ ಹಾಗೆ ಅರ್ಧಕ್ಕೆ ಕೈ ಬಿಡೋಳಲ್ಲ" ಅಂದಿದ್ದಳು. ಮದ್ದಲೇನಾ ಲೇಸನ್ನು ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ನೋಡಿ, "ಚೆನ್ನಾಗಿದೆ" ಎಂದಳು. ಅಷ್ಟೇ ಅಂದದ್ದು.

ಸಾಹುಕಾರರ ವಂಶ ಚದುರಿ ಹೋದಮೇಲೆ ವಿಲ್ಲಾ ಪುರಸಭೆಗೆ ಬಂತು. ಪುರಸಭೆ ಅದನ್ನು ಕಲಾ ಸಂಗ್ರಹಾಲಯ ಮಾಡಿತು. ಟೆಕ್ಲಾಳ ಮನೆಯಿಂದ ಇನ್ನೂರು ಹೆಜ್ಜೆ. ದಾರಿ ಕೇಳಿದ ಪ್ರವಾಸಿಗರಿಗೆ ಗದ್ದ ಎತ್ತಿ ತೋರಿಸುತ್ತಿದ್ದಳೇ ಹೊರತು ತಾನು ಆ ಗೇಟು ದಾಟಿದವಳಲ್ಲ.

ಕಳೆದ ವಸಂತದಲ್ಲಿ ಅಲ್ಲಿ ಲೇಸಿಗೆಂದೇ ಮಹಡಿಯ ಮೇಲೊಂದು ಕೋಣೆ ತೆರೆದರು. ಎದುರುಮನೆಯ ಓರ್ಸೊಲಾ ಮೊದಲ ದಿನವೇ ನೋಡಿ ಬಂದಳು. ಓರ್ಸೊಲಾ ಟೆಕ್ಲಾಳಿಗಿಂತ ಮೂರು ವರ್ಷ ಚಿಕ್ಕವಳು, ಚಾಡಿಯಲ್ಲಿ ಮೂವತ್ತು ವರ್ಷ ದೊಡ್ಡವಳು. ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು.

"ಹೇಳ್ಲೋ ಬೇಡ್ವೋ ಅಂತ ಯೋಚನೆ ಮಾಡ್ತಾ ಬಂದೆ ಕಣೇ."

"ಯೋಚನೆ ಮಾಡೋ ಮುಖವೇ ಅಲ್ಲ ನಿಂದು. ಬೊಗಳು."

"ನಿಮ್ಮಮ್ಮನ ಲೇಸ್ ಅಲ್ಲಿದೆ. ಆ ದಿಂಬು, ಆ ಕಡ್ಡಿ, ಎಲ್ಲಾ ಹಾಗೇ ಗಾಜಿನ ಪೆಟ್ಟಿಗೇಲಿ ಇಟ್ಟಿದಾರೆ. ಕೆಳಗೆ ಚೀಟಿ ಬೇರೆ." ಓರ್ಸೊಲಾ ಪಾಠ ಒಪ್ಪಿಸುವವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "'ಮದುಮಗಳ ಮುಸುಕಿನ ಅಂಚು. ಹೆಣೆದವಳು ಮದ್ದಲೇನಾ ಕನೆಸ್ಸಾ. ಕೆಲಸಗಾತಿಯ ಅಜಾಗರೂಕತೆಯಿಂದ ಕೆಟ್ಟು ಅರ್ಧಕ್ಕೇ ನಿಂತದ್ದು.'"

ಟೆಕ್ಲಾಳ ಕಡ್ಡಿಗಳು ನಿಂತವು.

"ಅಜಾಗರೂಕತೆ ಅಂತ ಬರೆದಿದಾರಾ?"

"ದೊಡ್ಡ ಅಕ್ಷರದಲ್ಲಿ. ನನಗೇ ಕನ್ನಡಕ ಇಲ್ದೆ ಕಾಣ್ತು ಅಂದ್ರೆ ನೋಡು. ಆದ್ರೂ ನೀನೇ ದಿನಾ ಹೇಳೋದನ್ನ ಅವರು ಬರೆದಿದಾರೆ, ಅಷ್ಟೇ ಅಲ್ವಾ?"

"ನಮ್ಮಮ್ಮನ್ನ ನಾನು ಅಂತೀನಿ. ನನ್ನಮ್ಮ, ನನ್ನ ಬಾಯಿ. ಆ ಚೀಟಿ ಯಾವ ದೊಣ್ಣೆನಾಯಕ ಅನ್ನೋಕೆ?" ಟೆಕ್ಲಾ ಎದ್ದೇಬಿಟ್ಟಳು. "ನಾಳೆ ಬೆಳಗ್ಗೆ ಹೋಗ್ತೀನಿ. ಆ ಚೀಟಿ ಕಿತ್ತು ಹಾಕಿಸಿ ಬರದಿದ್ರೆ ನನ್ನ ಹೆಸರು ಟೆಕ್ಲಾನೇ ಅಲ್ಲ."

ಮರುದಿನ ಭಾನುವಾರದ ಕಪ್ಪು ಉಡುಪು ತೊಟ್ಟು, ಕೂದಲಿಗೆ ಬಾಚಣಿಗೆ ಸಿಕ್ಕಿಸಿ, ಓರ್ಸೊಲಾಳನ್ನು ಸಾಕ್ಷಿಗೆ ಕರೆದುಕೊಂಡು ಹೊರಟಳು. ಟಿಕೆಟ್ಟಿನವನು ಗುರುತು ಹಿಡಿದು, "ಊರಿನವರಿಗೆ ಬಿಟ್ಟಿ, ಸಿನ್ಯೋರಾ ಟೆಕ್ಲಾ. ಒಳಗೆ ನಡೀರಿ" ಅಂದ.

"ಬಿಟ್ಟಿ ಬೇಡ. ಟಿಕೆಟ್ ಹರಿ. ದುಡ್ಡು ಕೊಟ್ಟು ಬಂದೋಳಿಗೆ ಜಗಳ ಆಡೋ ಹಕ್ಕಿರುತ್ತೆ."

ಕೆಳಗಿನ ಸಾಲಿನ ಕೋಣೆಗಳಿಗೆಲ್ಲ ಸಮುದ್ರದ ಕಡೆಗೆ ಎತ್ತರದ ಕಿಟಕಿಗಳು. ಬೆಳಕು ನೀರಿನಿಂದ ಎದ್ದು ಛಾವಣಿಯ ಒಳಮೈ ಮೇಲೆ ಅಲುಗುತ್ತಿತ್ತು. ಗೋಡೆ ತುಂಬ ಚಿತ್ರಗಳು. ಟೆಕ್ಲಾ ಸಂತೆಯಲ್ಲಿ ಮೀನು ನೋಡುವ ಹಾಗೆ ಒಂದೊಂದನ್ನೂ ನೋಡುತ್ತಾ ನಡೆದಳು. ಲೇಸ್ ಕೊರಳಪಟ್ಟಿ ತೊಟ್ಟ ಸಾಹುಕಾರರ ಹೆಂಡತಿಯ ಚಿತ್ರದ ಮುಂದೆ ನಿಂತು ಮೂಗು ಮುರಿದಳು.

"ಇದನ್ನ ಬರೆದ ಪುಣ್ಯಾತ್ಮ ಲೇಸ್ ನೋಡಿದ್ದು ಊಟದ ಮೇಜಿನ ಮೇಲೆ, ಅದೂ ಮೂರು ಗ್ಲಾಸ್ ವೈನ್ ಆದಮೇಲೆ. ಹೂವಿಗೆ ಹೂವು ಅಂಟೇ ಇಲ್ಲ, ನೋಡೇ. ಒಂದು ಸಲ ಕೆಮ್ಮಿದರೆ ಕೊರಳಿಂದ ಉದುರಿ ಬೀಳುತ್ತೆ."

"ಮೆತ್ತಗೆ ಮಾತಾಡೇ, ಇಗರ್ಜಿ ಥರಾ ಇದೆ ಇಲ್ಲಿ."

"ಇಗರ್ಜೀಲಿ ನಾನು ಯಾವತ್ತು ಮೆತ್ತಗೆ ಮಾತಾಡಿದೀನಿ?"

ಆದರೆ ಮೂರನೇ ಕೋಣೆಯಲ್ಲಿ ಒಂದು ಸಣ್ಣ ಚಿತ್ರದ ಮುಂದೆ ಅವಳ ಕಾಲುಗಳು ನಿಂತವು. ಬಂದರಿನ ಕಟ್ಟೆಯ ಮೇಲೆ ಬಲೆ ಹೊಲಿಯುವ ನಾಲ್ವರು ಹೆಂಗಸರು. ಮುಖಗಳಿಲ್ಲ, ಬಗ್ಗಿದ ಬೆನ್ನುಗಳು, ಕೈಗಳು. ಟೆಕ್ಲಾ ಬಹಳ ಹೊತ್ತು ನೋಡಿದಳು. "ಇವನು ಗಂಟು ಸರಿಯಾಗಿ ಹಾಕಿದಾನೆ" ಎಂದು ಹೇಳಿ ಮಹಡಿ ಹತ್ತಿದಳು.

ಗಾಜಿನ ಪೆಟ್ಟಿಗೆಯ ಬಳಿಗೆ ಸಂಗ್ರಹಾಲಯದ ಮುಖ್ಯಸ್ಥೆ ಲಿವಿಯಾ ಫೆರ್ರಾಂದೊ ಬಂದಳು. ಜಿನೋವಾದ ಹುಡುಗಿ, ಮೂವತ್ತನಾಲ್ಕು ಇರಬಹುದು, ಓದಿದವಳು. ನಮ್ಮಲ್ಲಿ ನಾಲ್ಕಕ್ಷರ ಹೆಚ್ಚು ಓದಿದವರೆಲ್ಲ ಡಾಕ್ಟರೇ. ಟಿಕೆಟ್ಟಿನವನಿಂದ ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಡಾಕ್ಟ್ರಮ್ಮ, ಈ ಚೀಟಿ ಬರೆದೋರು ನೀವಾ?"

"ಹೌದು ಸಿನ್ಯೋರಾ. ವಿಲ್ಲಾದ ಹಳೇ ಕಾಗದಗಳಲ್ಲಿ ಮೇನೇಜರ್ ಹಾಗೇ ಬರೆದಿಟ್ಟಿದಾನೆ. ಅದನ್ನೇ ಹಾಕಿದ್ವಿ. ನಿಮಗೆ ಬೇಜಾರಾಗಿದ್ರೆ—"

"ಮೇನೇಜರ್ ಲೇಸ್ ಹೆಣೀತಿದ್ನಾ?"

"ಇಲ್ಲ…"

"ನೀವು ಹೆಣೀತೀರಾ?"

"ನನಗೆ ಬರಲ್ಲ."

"ಹಾಗಾದ್ರೆ ಲೇಸನ್ನ ಕೇಳಬೇಕಿತ್ತು. ಅದೇ ಹೇಳುತ್ತೆ. ಸ್ವಲ್ಪ ಸರೀರಿ."

ಟೆಕ್ಲಾ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಎಪ್ಪತ್ತೊಂದು ವರ್ಷದ ಮೇಲೆ ಆ ದಿಂಬನ್ನು ನೋಡುತ್ತಿದ್ದಳು. ಮೊದಲು ಕಂಡದ್ದು ಅದರ ಚೆಲುವು. ದ್ರಾಕ್ಷಿಬಳ್ಳಿ, ಎಲೆ, ಎಲೆಯ ನರ ಕೂಡ. ಅಯ್ಯೋ ಅಮ್ಮಾ, ಇಷ್ಟು ಚೆನ್ನಾಗಿ ಹೆಣೀತಿದ್ದೆಯಾ ಎಂದು ಎದೆಯೊಳಗೇ ಅಂದುಕೊಂಡಳು. ತನ್ನ ಕೈಯಿಂದ ಇಂಥ ಎಲೆ ಒಂದೂ ಬಂದಿಲ್ಲವೆಂಬುದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಹೆಣಿಗೆ ನಿಂತ ಜಾಗದ ಕೆಳಗೆ ನೋಡಿದಳು. ನೋಡಿದವಳು ಗಹಗಹಿಸಿ ನಕ್ಕಳು.

"ಬನ್ನಿ ಡಾಕ್ಟ್ರಮ್ಮ, ಬಗ್ಗಿ. ಲೇಸ್ ನಿಂತ ಗೆರೆ ಕಾಣ್ತಾ? ಅದರ ಕೆಳಗೆ ರಟ್ಟಿನ ತೂತು ನೋಡಿ. ಒಂದು ಗೇಣು ಉದ್ದಕ್ಕೆ ತೂತುಗಳು ಬಾಯಿ ಬಿಟ್ಟಿವೆ. ಅದರಿಂದಾಚೆಗಿನವು ಸಾಸಿವೆ ಗಾತ್ರ. ಪಿನ್ನು ಹೊಕ್ಕು ಬಂದ ತೂತು ಮಾತ್ರ ಬಾಯಿ ಬಿಡೋದು. ಅಂದ್ರೆ?"

"ಅಂದ್ರೆ… ಅಲ್ಲೂ ಹೆಣೆದಿದ್ರು?"

"ಹೆಣೆದು, ಬಿಚ್ಚಿದಾಳೆ! ನೂಲು ನೋಡಿ, ಜಡೆ ಬಿಚ್ಚಿದ ಕೂದಲಿನ ಹಾಗೆ ಸುಕ್ಕು ಸುಕ್ಕು. ಅರ್ಧಕ್ಕೆ ನಿಲ್ಲಿಸಿದ್ದಲ್ಲ ಇದು. ಮುಂದೆ ಹೋದೋಳು, ಹಿಂದೆಲ್ಲೋ ತಪ್ಪು ಕಂಡು, ಒಂದೊಂದೇ ಪಿನ್ನು ಕಿತ್ತು ವಾಪಸ್ ಬರ್ತಾ ಇದ್ದಳು. ಒಂದು ಗೇಣು ಬಿಚ್ಚೋಕೆ ಎಷ್ಟು ದಿನ ಗೊತ್ತಾ? ಹೆಣೆಯೋದಕ್ಕಿಂತ ಜಾಸ್ತಿ. ಮದುವೆ ತಲೆ ಮೇಲೆ ಇರುವಾಗ! ತಪ್ಪು ಮುಚ್ಚಿ ಕೊಟ್ಟಿದ್ರೆ ನಿಮ್ಮ ಮೇನೇಜರ್ ಅಪ್ಪನಿಗೂ ಗೊತ್ತಾಗ್ತಿರಲಿಲ್ಲ. ಇದನ್ನ ಅಜಾಗರೂಕತೆ ಅಂತಾರಾ?"

ಲಿವಿಯಾ ಗಾಜಿನ ಮೇಲೆ ಬಗ್ಗಿದವಳು ಏಳಲೇ ಇಲ್ಲ. "ದೇವರೇ, ನಮಗ್ಯಾರಿಗೂ ಕಂಡಿರಲಿಲ್ಲ" ಎಂದಳು.

"ಕಾಣೋ ಕಣ್ಣು ಬೇಕು ಮಗೂ." ಟೆಕ್ಲಾ ಓರ್ಸೊಲಾಳ ಕಡೆ ತಿರುಗಿ ಸೊಂಟಕ್ಕೆ ಕೈ ಇಟ್ಟುಕೊಂಡಳು. "ಹೋಗಿ ಊರಿಗೆಲ್ಲಾ ಹೇಳು. ಅರ್ಧದ ಮದ್ದಲೇನಾ ಅಂತೆ! ಅಂದ ಬಾಯಿಗೆಲ್ಲಾ ಮಣ್ಣು ಬೀಳ!"

"ಅದರಲ್ಲಿ ನಿನ್ನ ಬಾಯೀನೂ ಸೇರಿತ್ತಲ್ಲೇ" ಅಂದಳು ಓರ್ಸೊಲಾ.

ಟೆಕ್ಲಾ ಆಗಲೇ ಮತ್ತೆ ಗಾಜಿನ ಮೇಲೆ ಬಗ್ಗಿದ್ದಳು. ಲಿವಿಯಾ ಒಳಗಿನಿಂದ ದಪ್ಪ ಭೂತಗನ್ನಡಿ ತಂದಳು, ಬೀಗ ತೆಗೆದು ಗಾಜಿನ ಮುಚ್ಚಳ ಎತ್ತಿದಳು. "ಮುಟ್ಟಬೇಡಿ, ನೋಡಿ ಮಾತ್ರ. ಆ ತಪ್ಪು ಯಾವುದು ಅಂತ ಸಿಕ್ಕಿದರೆ ಅದನ್ನೂ ಬರೆಯಬಹುದು."

"ಸಿಗದೆ ಎಲ್ಲಿ ಹೋಗುತ್ತೆ? ಅವಳು ಅಲ್ಲೀವರೆಗೆ ಬಂದಿದ್ದಳಲ್ಲ, ಹತ್ತಿರವೇ ಇರಬೇಕು."

ಹತ್ತಿರವೇ ಇತ್ತು. ಬಿಚ್ಚುವ ಕೆಲಸ ನಿಂತ ಗೆರೆಯಿಂದ ಮೇಲಕ್ಕೆ ಮೂರು ಬೆರಳು ಅಗಲ, ಎಲೆಗಳ ನಡುವಿನ ಬಲೆಯಂಥ ಜಾಗ. ಅಲ್ಲಿ ಎಡದ ಕಡ್ಡಿ ಬಲದ ಮೇಲೆ ದಾಟಬೇಕಾದಲ್ಲೆಲ್ಲ ಬಲದ್ದು ಎಡದ ಮೇಲೆ ದಾಟಿತ್ತು. ಒಂದು ಸಲವಲ್ಲ, ಸಾಲು ಸಾಲಾಗಿ, ಒಂದೇ ಸಮನೆ. ನಿದ್ದೆಗಣ್ಣಲ್ಲಿ ಕೈ ತಪ್ಪಿದರೆ ಹೀಗಾಗುವುದಿಲ್ಲ. ಕನ್ನಡಿಯಲ್ಲಿ ನೋಡಿ ಹೆಣೆದಂತೆ ಎಲ್ಲವೂ ತಿರುಗುಮುರುಗು, ಆದರೆ ಅಚ್ಚುಕಟ್ಟು. ಹಾಗೆ ಹೆಣೆಯಲು ಎಡಗೈಯವರೇ ಬೇಕು.

ಮದ್ದಲೇನಾ ಎಡಗೈಯವಳಲ್ಲ. ಆ ಮನೆಯಲ್ಲಿ ಎಡಗೈಯವರು ಇದ್ದದ್ದು ಒಬ್ಬರೇ. ಸನ್ಯಾಸಿನಿಯರು ಶಾಲೆಯಲ್ಲಿ ಆ ಕೈಯನ್ನು ಕರವಸ್ತ್ರದಿಂದ ಕುರ್ಚಿಗೆ ಕಟ್ಟಿ ಬಲಕ್ಕೆ ತಿರುಗಿಸುವ ಮುಂಚೆ ಟೆಕ್ಲಾ ರೊಟ್ಟಿ ತಿಂದದ್ದೂ ಕಲ್ಲು ಎಸೆದದ್ದೂ ಎಡಗೈಯಲ್ಲೇ.

ಟೆಕ್ಲಾ ಭೂತಗನ್ನಡಿ ಕೆಳಗಿಟ್ಟಳು. ಆ ಮಧ್ಯಾಹ್ನ ಈಗ ಒಂದೊಂದೇ ಪಿನ್ನಿನಂತೆ ನೆನಪಾಯಿತು. ಪಕ್ಕದ ಮನೆಯಲ್ಲಿ ಹೆರಿಗೆ. ಅಮ್ಮ ಬಿಸಿನೀರು ಹಿಡಿದು ಓಡಿದ್ದಳು. ಏಳು ವರ್ಷದ ಟೆಕ್ಲಾ ಅಮ್ಮನ ಕುರ್ಚಿ ಹತ್ತಿದಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕದ್ದು ನೋಡಿ ನೋಡಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೆಣೆದಳು. ಎಷ್ಟು ಖುಷಿ! ಅಮ್ಮ ಬಂದು ನೋಡಿ ಅಪ್ಪಿಕೊಳ್ಳುತ್ತಾಳೆ ಎಂದು ಕಾದಳು. ಅಮ್ಮ ಬಂದಾಗ ಬೆಳಕಿಳಿದಿತ್ತು, ನೋಡಲಿಲ್ಲ. ಮಾರನೆಯ ದಿನ ದಣಿದ ಕಣ್ಣಲ್ಲೇ ಕೂತು ಅಲ್ಲಿಂದ ಮುಂದುವರಿಸಿದಳು. ಒಂದು ಗೇಣು ಹೋದಮೇಲೆ ಹೆಣಿಗೆ ಓರೆಯಾಗಿ ಎಳೆಯತೊಡಗಿತು. ಆಗ ಪಿನ್ನು ಕೀಳಲು ಶುರುಮಾಡಿದಳು. ಅಮ್ಮನಿಗೆ ನನ್ನ ಕೆಲಸ ಕಾಣಲೇ ಇಲ್ಲ ಎಂದು ಹುಡುಗಿ ಮುನಿಸಿಕೊಂಡು, ಮಕ್ಕಳು ಮರೆಯುವಂತೆ ಮರೆತೂಬಿಟ್ಟಳು.

ಅಮ್ಮನಿಗೆ ಕಂಡಿತ್ತು. ಇಂಥ ಎಲೆ ಹೆಣೆದವಳ ಕಣ್ಣಿಗೆ ಆ ಮೂರು ಬೆರಳಿನ ಜಾಗ ಯಾರದೆಂದು ಕಾಣದೆ ಇರುತ್ತದೆಯೇ? ಮೇನೇಜರು ಗದರಿಸಿದಾಗ, ಮಗು ತಿಳಿಯದೆ ಕೈಯಿಟ್ಟಿತು ಅಂದಿದ್ದರೆ ಸಾಕಿತ್ತು. ಕೆಲಸ ಹೋಗುತ್ತಿತ್ತು, ಹೆಸರು ಉಳಿಯುತ್ತಿತ್ತು. ಆದರೆ ಸನ್ಯಾಸಿನಿಯರ ಲೇಸ್ ಶಾಲೆ ನಡೆಯುತ್ತಿದ್ದದ್ದು ಇದೇ ವಿಲ್ಲಾದ ಕೃಪೆಯಲ್ಲಿ. ವಿಲ್ಲಾದ ಮುಸುಕು ಕೆಡಿಸಿದ ಹುಡುಗಿಗೆ ಅಲ್ಲಿ ಜನ್ಮದಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. ಮದ್ದಲೇನಾ ಮಗಳು ಬಾಗಿಲಲ್ಲಿ ನಿಂತಿದ್ದುದನ್ನು ನೋಡಿಯೇ ಹೇಳಿದ್ದಳು, ನನ್ನ ಕೈ ತಪ್ಪಿತು ಎಂದು.

"ಏನೇ, ಬಾಯಿ ಬಿದ್ದು ಹೋಯ್ತಾ?" ಓರ್ಸೊಲಾ ತಿವಿದಳು.

"ಏನಾದ್ರೂ ಕಂಡಿತಾ ಸಿನ್ಯೋರಾ?" ಲಿವಿಯಾ ಪೆನ್ನು ಹಿಡಿದು ನಿಂತಿದ್ದಳು.

ಕಣ್ಣು ಮಂಜಾಗಿದೆ, ಗೊತ್ತಾಗುತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಚೀಟಿ ಹೇಗೂ ಬದಲಾಗುತ್ತಿತ್ತು. ಆ ಮೂರು ಬೆರಳಿನ ಜಾಗವನ್ನು ಓದಬಲ್ಲವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಅರವತ್ತು ವರ್ಷ ಓಣಿಯಲ್ಲಿ ಕೂತು ಸಾರಿದ ಹೆಮ್ಮೆ ಹಾಗೇ ಉಳಿಯುತ್ತಿತ್ತು. ಟೆಕ್ಲಾಗೆ ಇದೆಲ್ಲ ಹೊಳೆಯದೆ ಇರಲಿಲ್ಲ, ದಡ್ಡಿಯಲ್ಲ ಅವಳು. ಕುರ್ಚಿ ಕೇಳಿ ಕೂತಳು. ಕಣ್ಣೀರು ಧಾರಾಕಾರ ಇಳಿಯಿತು; ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು: ಹೆರಿಗೆ, ಕುರ್ಚಿ, ಎಡಗೈ, ಹದಿನೆಂಟನೇ ವಯಸ್ಸಿನಲ್ಲಿ ತಾಯಿಯ ಮುಖಕ್ಕೆ ಹೇಳಿದ ಆ ಮಾತು. ಓರ್ಸೊಲಾ ಕೂಡ ಬಾಯಿ ಮುಚ್ಚಿಕೊಂಡು ಕೇಳಿದಳೆಂದರೆ ನೀವೇ ತಿಳಿದುಕೊಳ್ಳಿ.

"ನೀವು ಒಪ್ಪಿದರೆ," ಲಿವಿಯಾಳ ದನಿಯೂ ಒದ್ದೆಯಾಗಿತ್ತು, "ಇದನ್ನ ನೀವೇ ಬಿಚ್ಚಿ, ಸರಿಮಾಡಿ, ಮುಗಿಸಬಹುದು. ನಾನು ಮೇಲಿನವರ ಹತ್ತಿರ ಮಾತಾಡಿ ಒಪ್ಪಿಗೆ ತಗೋತೀನಿ."

"ಬೇಡ ಮಗೂ. ನನ್ನ ಕೈಗೆ ಆ ಎಲೆ ಬರಲ್ಲ. ಅದು ಹಾಗೇ ಇರಲಿ." ಟೆಕ್ಲಾ ಎದ್ದು ನಿಂತು ಉಡುಪಿನ ನೆರಿಗೆ ಸರಿಮಾಡಿಕೊಂಡಳು. ದನಿ ಮತ್ತೆ ಓಣಿಗೆಲ್ಲ ಕೇಳುವ ಹಳೆಯ ದನಿಯೇ ಆಗಿತ್ತು. "ಚೀಟಿ ಬರಿ. ಹೆಣೆದವಳು ಮದ್ದಲೇನಾ ಕನೆಸ್ಸಾ. ಕೆಡಿಸಿದವಳು ಅವಳ ಮಗಳು ಟೆಕ್ಲಾ, ವಯಸ್ಸು ಏಳು. ಮಗಳ ತಪ್ಪನ್ನ ತಾಯಿ ಬಿಚ್ಚುತ್ತಾ ಇದ್ದಾಗ ನಿಂತದ್ದು. ದೊಡ್ಡ ಅಕ್ಷರದಲ್ಲಿ ಬರಿ, ಇವಳಿಗೆ ಕನ್ನಡಕ ಇಲ್ದೆ ಕಾಣಬೇಕು."

"ನಿನ್ನ ಹೆಸರು ಯಾಕೇ ಹಾಕಿಸ್ಕೋತೀಯ?" ಓರ್ಸೊಲಾ ಗಾಬರಿಯಿಂದ ಅವಳ ತೋಳು ಹಿಡಿದಳು. "ಸಾಯೋವರೆಗೂ ಊರು ಆಡಿಕೊಳ್ಳುತ್ತೆ ಕಣೇ. ನಮ್ಮ ಊರು ನಿನಗೆ ಗೊತ್ತಿಲ್ವಾ?"

"ಆಡಿಕೊಳ್ಳಲಿ ಬಿಡು. ನಮ್ಮಮ್ಮ ಇಪ್ಪತ್ತಮೂರು ವರ್ಷ ತಡ್ಕೊಂಡಳು. ಊರಿನ ಮಾತನ್ನಲ್ಲ, ನನ್ನ ಮಾತನ್ನ."